ಪೈಲ್ವಾನನ ಸಪ್ಪೆ ಕೋಳಿ

ಬೆಟಗೇರಿಯಲ್ಲಿ ಮಗ್ಗದ ಮನೆಗಳ ಓಣಿ ಮುಗಿದು ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ತುಕಾರಾಮಸಾ ಅವರ ಸಾವಜಿ ಖಾನಾವಳಿ ಇದೆ. ಒಳಗೆ ಎಂಟು ಮೇಜು, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರ ಹಿಂದೆ ಪಾತ್ರೆ ತೊಳೆಯುವ ಬಯಲು. ಉಂಡವರು ಕಣ್ಣು ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದು ಗಲ್ಲೆಯ ಮೇಲೆ ಕೂತ ತುಕಾರಾಮಸಾ ಅವರನ್ನು ಹೊಗಳಿ ಹೋಗುತ್ತಾರೆ. ಅವರ ನಾಲಿಗೆ ಸುಟ್ಟ ಆ ಕರ್ರಗಿನ ಮಸಾಲೆ ಒಳಗೆ ಒಲೆಯ ಮುಂದೆ ನಿಂತ ಕರಿಯವ್ವನ ಕೈಯದು ಎಂಬುದು ಗೊತ್ತಿರುವವರು ಕಡಿಮೆ.

ಕರಿಯವ್ವ ಶಿರಹಟ್ಟಿ ಕಡೆಯ ಹಳ್ಳಿಯವಳು. ಮದುವೆಯಾಗಿ ಬೆಟಗೇರಿಗೆ ಬಂದಾಗ ಗಂಡ ಅಂದಾನಪ್ಪ ಕೂಲಿಗೆ ಸೀರೆ ನೇಯುತ್ತಿದ್ದ. ಎದೆಯ ಬೇನೆ ಅವನನ್ನು ಬೇಗ ಕೊಂಡೊಯ್ದಿತು. ಆಗ ಮಗಳು ನೇತ್ರಾ ಇನ್ನೂ ಎರಡನೇ ಇಯತ್ತೆ. ಪಾತ್ರೆ ತಿಕ್ಕುವ ಕೆಲಸಕ್ಕೆ ಖಾನಾವಳಿಗೆ ಸೇರಿದವಳು, ತುಕಾರಾಮಸಾ ಅವರ ತಾಯಿಯ ಕಣ್ಣು ಮಂದವಾಗುತ್ತ ಬಂದಂತೆ ಒಲೆಯ ಹತ್ತಿರ ಸರಿದಳು. ಆ ಮುದುಕಿ ಪಕ್ಕದಲ್ಲಿ ಕೂತು, "ಮೂಸಿ ನೋಡಲೇ, ಕೊಬ್ಬರಿ ಕರ್ರಗಾಗಿರಬೇಕು, ಸೀದಿರಬಾರದು" ಎಂದು ವಾಸನೆಯಿಂದಲೇ ಪಾಠ ಹೇಳಿದಳು. ಹಾಗೆ ಕಲಿತು ಈಗ ಇಪ್ಪತ್ತಮೂರು ವರ್ಷ. ನೇತ್ರಾ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಹೋಗಿ ಎರಡು ಮಕ್ಕಳ ತಾಯಿಯಾದಳು. ಕರಿಯವ್ವ ಮಾತ್ರ ಖಾನಾವಳಿಯ ಹಿಂದಿನ ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿ ಉಳಿದಳು. ಉಳಿದದ್ದು ದುಃಖಕ್ಕೇನಲ್ಲ. ಅವಳಿಗೆ ಆ ಒಲೆ ಬಿಟ್ಟು ಬೇರೆಡೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

ಲಾಕ್‌ಡೌನಿನ ವರ್ಷ ಖಾನಾವಳಿಯ ಶಟರ್ ಎರಡು ತಿಂಗಳು ಮುಚ್ಚಿತು. ಕೆಲಸವಿಲ್ಲದ ಕೈ ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕರಿಯವ್ವ ದಿನಾ ಹೋಗಿ ಮುಚ್ಚಿದ ಶಟರಿನ ಮುಂದೆ ಕಸ ಗುಡಿಸಿ ಬರುತ್ತಿದ್ದಳು. ಒಂದು ದಿನ ಕಟ್ಟೆಯ ಕೆಳಗಿನ ಸಂದಿಯಲ್ಲಿ ಮುಷ್ಟಿಗಾತ್ರದ ನಾಯಿಮರಿ ಕಂಡಿತು. ಕಂದು ಬಣ್ಣ, ಪಕ್ಕೆಲುಬು ಎಣಿಸಬಹುದು, ಬಲಗಿವಿ ಮಡಚಿಕೊಂಡಿತ್ತು. ತಾಯಿ ಎತ್ತ ಹೋಗಿತ್ತೋ. ನೀರಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿದಳು. ಪಕ್ಕದ ಮನೆಯ ಆಟೋ ಮೌನೇಶ ನೋಡಿ ನಕ್ಕ.

"ಏನವ್ವಾ, ಪೈಲ್ವಾನ್ನ ಸಾಕಾಕತ್ತಿ?"

ಅದೇ ಹೆಸರಾಯಿತು. ಖಾನಾವಳಿ ಮತ್ತೆ ತೆರೆದ ಮೇಲೆ ಪೈಲ್ವಾನ ಹೆಸರಿಗೆ ತಕ್ಕಂತೆ ಬೆಳೆದ. ಬೆಳಿಗ್ಗೆ ಸೇರವದ ಖಾರದ ರಸದಲ್ಲಿ ಕಲಸಿದ ರೊಟ್ಟಿ, ಮಧ್ಯಾಹ್ನ ಕೋಳಿಯ ಕತ್ತು, ಸಂಜೆ ಉಂಡವರ ತಟ್ಟೆಯಿಂದ ಉಳಿದ ಎಲುಬು. ಮೈ ಹೊಳೆಯತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಮಲಗಿದರೆ ದಾಟಿ ಹೋಗುವವರು ಲುಂಗಿ ಎತ್ತಿ ದಾಟಬೇಕು. ಸಾಲು ಮನೆಯವರು ಹಾಕಿದ ಅನ್ನ ಮೂಸಿ ಬಿಡುತ್ತಿದ್ದ. ಬೇರೆ ಖಾನಾವಳಿಯ ಎಲುಬನ್ನೂ ಮುಟ್ಟುತ್ತಿರಲಿಲ್ಲ. ಕರಿಯವ್ವನಿಗೆ ಅದು ದೊಡ್ಡ ಹೆಮ್ಮೆ. ಗಿರಾಕಿಗಳ ಹೊಗಳಿಕೆ ಗಲ್ಲೆಯ ತನಕ ಬಂದು ನಿಲ್ಲುತ್ತಿತ್ತು. ಪೈಲ್ವಾನನದು ಮಾತ್ರ ನೇರ ಅವಳ ಕಾಲ ಬುಡಕ್ಕೆ ಬರುತ್ತಿತ್ತು.

"ನನ್ನ ಕೈರುಚಿ ಗೊತ್ತಿರೂದು ಇಂವಗ ಒಬ್ಬಂವಗ" ಎಂದು ತುಕಾರಾಮಸಾ ಅವರ ಎದುರಿಗೇ ಹೇಳುತ್ತಿದ್ದಳು. ಅವರು ನಗುತ್ತಿದ್ದರು.

ನಾಲ್ಕು ವರ್ಷ ಹೀಗೆ ನಡೆಯಿತು. ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಪೈಲ್ವಾನ ಉಂಡದ್ದನ್ನು ಕಾರಿದ. ಮರುದಿನ ಹಳದಿ ನೀರು ಕಾರಿದ. ಮೂರನೇ ದಿನ ಮುಂಗಾಲು ನೆಲಕ್ಕೊತ್ತಿ ಬೆನ್ನು ಕಮಾನು ಮಾಡಿ ನಿಂತವನು ಕರೆದರೂ ತಿರುಗಲಿಲ್ಲ. ಕರಿಯವ್ವ ಅಜವಾನದ ನೀರು ಹಾಕಿದಳು, ಮಜ್ಜಿಗೆ ಕುಡಿಸಿದಳು, ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಏನೂ ಹಿಡಿಯಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಗೋಡೆಯಂತಿತ್ತು. ಉಚ್ಚೆ ಕಡುಗೆಂಪಾಗಿ ಹೋಗುತ್ತಿತ್ತು. ಮೌನೇಶ ಆಟೋ ತಂದ. ಗೋಣಿಚೀಲದ ಮೇಲೆ ಮಲಗಿಸಿ ಗದಗಿನ ದನದ ದವಾಖಾನೆಗೆ ಒಯ್ದರು.

ಅಲ್ಲಿನ ಡಾಕ್ಟರು ಪ್ರಿಯಾಂಕಾ, ಮುಂಡರಗಿ ಕಡೆಯವರು, ನೇತ್ರಾಳ ವಯಸ್ಸು. ಹೊಟ್ಟೆ ಒತ್ತಿ ನೋಡಿದರು, ವಸಡು ನೋಡಿದರು, ರಕ್ತ ತೆಗೆದರು. ಆಮೇಲೆ ಸಲೈನ್ ಹಚ್ಚುತ್ತ ಕೇಳಿದರು.

"ಏನ ತಿನ್ನಸ್ತೀರಿ ಇದಕ್ಕ?"

ಮೂರು ದಿನದಲ್ಲಿ ಮೊದಲ ಸಲ ಕರಿಯವ್ವನ ಮುಖ ಅರಳಿತು. "ಯಾವುದಕ್ಕೂ ಕಡಿಮಿ ಮಾಡಿಲ್ರಿ ಅಕ್ಕಾರ. ದಿನಾ ಕೋಳೀರಿ. ಮಸಾಲಿ ಹಚ್ಚಿದ್ದು. ಸೇರವದಾಗ ರೊಟ್ಟಿ ಕಲಸಿ ಹಾಕತೇನಿ. ಎಲಬಂತೂ ಬೋಗುಣಿಗಟ್ಲೆ. ಮನಷಾರ್ಗೂ ಅಷ್ಟ ಚೊಲೊ ಊಟಾ ಸಿಗಂಗಿಲ್ಲ."

ಡಾಕ್ಟರು ಸೂಜಿಯ ಮೇಲೆ ಪಟ್ಟಿ ಅಂಟಿಸಿ, ಸ್ಟೂಲು ಎಳೆದುಕೊಂಡು ಕೂತರು.

"ಅವ್ವಾರ, ಸಿಟ್ಟ ಮಾಡಬ್ಯಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೆ ಆಗಿ ಬರಂಗಿಲ್ಲ. ದಿನಾ ಹೊಟ್ಟಿಗೆ ಹೋದ್ರ ಮೈಯಾಗಿನ ರಗತಾನ ಒಡದ ಹೋಗತೈತಿ. ಉಚ್ಚಿ ಕೆಂಪಾಗಿದ್ದು ಅದಕ್ಕ. ಎಣ್ಣಿ ಖಾರ ಭಾಳ ಆದ್ರ ಹೊಟ್ಟಿಯಾಗ ಒಂದ ಗ್ರಂಥಿ ಇರತೈತಿ, ಅದು ಬಾತಕೊಳ್ಳತೈತಿ. ಬೆನ್ನು ಬಾಗಿಸಿ ನಿಂದರೂದು ಆ ನೋವಿಗೆ."

"ಎಲಬ ತಿಂದ್ರ ನಾಯಿ ಗಟ್ಟಿ ಆಗತಾವು ಅಂತಾರಲ್ರಿ?"

"ಬೆಂದ ಕೋಳಿ ಎಲಬ ಕಡದ್ರ ಸೂಜಿ ಹಂಗ ಸೀಳ್ತೈತಿ. ಗಂಟ್ಲದಾಗ ಚುಚ್ಚಬಹುದು, ಕರಳಿನಾಗ ಚುಚ್ಚಬಹುದು. ಇಷ್ಟ ದಿನ ಏನೂ ಆಗಿಲ್ಲಲ್ಲ, ಅದು ಇದರ ನಸೀಬ."

ಕರಿಯವ್ವ ನಾಯಿಯ ತಲೆಯ ಮೇಲಿಟ್ಟ ಕೈಯನ್ನು ಮೆಲ್ಲಗೆ ತೆಗೆದಳು.

"ಹಂಗಾರ ಇದಕ್ಕ ಇಷ್ಟ ವರ್ಷ ವಿಷಾ ಹಾಕಿದಾಕಿ ನಾನ ಏನ್ರಿ?"

"ಗೊತ್ತಿಲ್ದ ಹಾಕೀರಿ. ಪ್ರೀತಿಲೇ ಹಾಕೀರಿ."

"ಹಾಕಿದ್ದು ಖರೆ ಅಲ್ರಿ."

ಪಥ್ಯವನ್ನು ಚೀಟಿಯಲ್ಲಿ ಬರೆಯಲು ಹೋದ ಡಾಕ್ಟರು, ಅವಳಿಗೆ ಓದಲು ಬರುವುದಿಲ್ಲವೆಂದು ತಿಳಿದು, ಬಾಯಲ್ಲಿ ಹೇಳಿ ಅವಳಿಂದ ತಿರುಗಿ ಹೇಳಿಸಿದರು. ಚರ್ಮ, ಕೊಬ್ಬು ತೆಗೆದ ಎದೆಯ ಮಾಂಸ. ಬರೀ ನೀರಿನಲ್ಲಿ ಪೂರ್ತಿ ಬೇಯಬೇಕು. ಉಪ್ಪಿಲ್ಲ, ಎಣ್ಣೆಯಿಲ್ಲ, ಉಳ್ಳಾಗಡ್ಡಿಯಿಲ್ಲ. ಆರಿದ ಮೇಲೆ ಎಳೆಎಳೆಯಾಗಿ ಬಿಡಿಸಿ ಎಲುಬಿನ ಚೂರು ಉಳಿದಿದೆಯೋ ಎಂದು ಬೆರಳಿನಿಂದ ನೋಡಬೇಕು. ಮೆತ್ತಗೆ ಬೆಂದ ಅನ್ನದ ಜೊತೆ ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ಹಸಿ ಮಾಂಸವೂ ಬೇಡ, ಅದರಲ್ಲಿ ಹುಳು, ರೋಗ ಇರಬಹುದು. ಗುಣವಾದ ಮೇಲೆ ಬರೀ ಕೋಳಿಯ ಮೇಲೆ ಬಿಡುವಂತಿಲ್ಲ. ಬೇರೆ ಏನೇನು ಕೊಡಬೇಕೆಂದು ಆಗ ಹೇಳುತ್ತೇನೆ ಎಂದರು.

ಮೂರು ದಿನ ಸಲೈನು, ಇಂಜೆಕ್ಷನ್ನು ಆದ ಮೇಲೆ ಕಾರುವುದು ನಿಂತಿತು. ನಾಲ್ಕನೆಯ ದಿನ ಕರಿಯವ್ವ ಯಮನೂರಸಾಬನ ಕೋಳಿ ಅಂಗಡಿಗೆ ಹೋಗಿ ಎದೆಯ ಮಾಂಸ ಬೇರೆ ಮಾಡಿಕೊಡು ಎಂದಳು. ಖಾನಾವಳಿಗೆ ದಿನಾ ಬುಟ್ಟಿ ತುಂಬ ಕಳಿಸುವ ಯಮನೂರಸಾಬ ಆಶ್ಚರ್ಯಪಟ್ಟ.

"ಯಾರ ಬಂದಾರವ್ವಾ, ಮಗಳೇನು?"

"ಮಗಳಿಗೆ ಅಲ್ಲೋ, ಪೈಲ್ವಾನ್ಗ. ಚರ್ಮಾ ಒಂಚೂರೂ ಇರಬಾರದು ನೋಡು."

"ನಾಯಿಗೆ ಯಾಕ ಎದಿ ಮಾಂಸ? ಕಾಲು, ತಲಿ ಸುಮ್ನ ಕೊಡತೇನಿ, ಒಯ್ಯಿ."

"ಬ್ಯಾಡಪಾ. ಡಾಕ್ಟರ್ ಬ್ಯಾಡ ಅಂದಾರ."

ಖೋಲಿಯ ಸಣ್ಣ ಗ್ಯಾಸಿನ ಮೇಲೆ ನೀರಿಟ್ಟು ಮಾಂಸ ಹಾಕಿದಳು. ನೀರು ಕುದಿಯತೊಡಗಿದಾಗ ಬಂದ ವಾಸನೆ ಅವಳಿಗೆ ಹೊಸದು. ಕೋಳಿಗೆ ಅದರದೇ ಒಂದು ವಾಸನೆ ಇರುತ್ತದೆಂದು ಇಪ್ಪತ್ತಮೂರು ವರ್ಷದಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ. ಸೆರಗು ಮೂಗಿಗೆ ಹಿಡಿದಳು. ಬಲಗೈ ಎರಡು ಸಲ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಯಿತು. ಎರಡನೇ ಸಲ ಡಬ್ಬಿಯನ್ನು ಎತ್ತಿ ಹಾಸಿಗೆಯ ಹಿಂದೆ ಇಟ್ಟು ಬಂದಳು.

ಆರಿದ ಮಾಂಸವನ್ನು ನೂಲು ಬಿಡಿಸಿದಂತೆ ಬಿಡಿಸಿ, ಬೆರಳಾಡಿಸಿ ನೋಡಿ, ಅನ್ನದಲ್ಲಿ ಕಲೆಸಿ ಇಟ್ಟಳು. ಪೈಲ್ವಾನ ಬಂದು ಮೂಸಿದ. ತಲೆಯೆತ್ತಿ ಅವಳ ಮುಖ ನೋಡಿದ. ಇನ್ನೊಮ್ಮೆ ಮೂಸಿ ತಿರುಗಿ ಬಾಗಿಲಿಗೆ ಹೋಗಿ ಖಾನಾವಳಿಯ ಕಡೆ ಮುಖ ಮಾಡಿ ಕೂತ.

"ಉಣ್ಣೋ ಬಾಳಾ. ಇದೂ ಕೋಳಿನ."

ಅಂದು ಸಂಜೆಯೂ ಉಣ್ಣಲಿಲ್ಲ. ಮರುದಿನ ಅಂಗೈಯಲ್ಲಿ ಹಿಡಿದು ಬಾಯಿಗೆ ಒಡ್ಡಿದಳು. ನೆಲದ ಮೇಲೆ ಕೂತು ತಾನೇ ಒಂದು ತುತ್ತು ಬಾಯಿಗೆ ಹಾಕಿಕೊಂಡು, "ಆಹಾ, ಎಷ್ಟ ಚೊಲೊ ಐತಿ" ಅಂದಳು. ನಾಲಿಗೆಯ ಮೇಲೆ ಅದು ಒದ್ದೆ ಅರಳೆಯಂತಿತ್ತು. ನುಂಗಲು ಆಗದೆ ಕಣ್ಣಲ್ಲಿ ನೀರು ಬಂತು. ಖಾರ ಉಂಡು ಅಳುವ ಎಷ್ಟೋ ಜನರನ್ನು ನೋಡಿದ್ದಳು. ಸಪ್ಪೆ ಉಂಡು ಅತ್ತದ್ದು ಅವಳೊಬ್ಬಳೇ ಇರಬೇಕು. ನಾಯಿ ಅವಳ ಕೆನ್ನೆ ನೆಕ್ಕಿತು, ಅನ್ನ ಮುಟ್ಟಲಿಲ್ಲ.

ಡಾಕ್ಟರಿಗೆ ಫೋನು ಹಚ್ಚಿದರೆ, "ಬೆಚ್ಚಗಿದ್ದಾಗ ಹಾಕ್ರಿ, ಕೋಳಿ ಬೆಂದ ನೀರು ಒಂದ ಚಮಚಾ ಮ್ಯಾಲ ಹನಸ್ರಿ. ತಾಳ್ಮಿ ಇರಲಿ" ಅಂದರು. ಮೂರನೆಯ ದಿನ ಮಧ್ಯಾಹ್ನ ಪೈಲ್ವಾನ ತಟ್ಟೆಯ ಅಂಚಿಗೆ ನಾಲಿಗೆ ತಾಗಿಸಿದ. ಯಾರೋ ಬಲವಂತ ಮಾಡಿದಂತೆ ನಾಲ್ಕು ತುತ್ತು ಉಂಡ. ಕರಿಯವ್ವ ಅಡ್ಡಕ್ಕೆ ಸರಿದು ಕೂತಿದ್ದಳು. ತಾನು ನೋಡುತ್ತಿರುವುದು ತಿಳಿದರೆ ನಿಲ್ಲಿಸಿಬಿಟ್ಟಾನೆಂಬ ಭಯ.

ಹದಿನೈದು ದಿನದಲ್ಲಿ ವಸಡಿಗೆ ಬಣ್ಣ ಬಂತು. ಆದರೆ ಕಷ್ಟ ಅಲ್ಲಿಂದಲೇ ಶುರುವಾಯಿತು. ಪೈಲ್ವಾನ ಎದ್ದು ಓಡಾಡತೊಡಗಿದ್ದ, ಮತ್ತು ಓಣಿಯ ಪ್ರತಿಯೊಬ್ಬರಿಗೂ ಅವನ ಮೇಲೆ ಪ್ರೀತಿ.

ಕರಿಯವ್ವ ಒಂದೊಂದು ಮನೆಗೂ ಹೋಗಿ ಹೇಳಿದಳು. ಬೀಡಿ ಅಂಗಡಿಗೆ ಹೇಳಿದಳು, ಸಲೂನಿಗೆ ಹೇಳಿದಳು. ಎಲ್ಲರೂ ಹೂಂ ಅಂದರು. ತುಕಾರಾಮಸಾ ಅವರಿಗೆ ಹೇಳಿ ಖಾನಾವಳಿಯ ಗೋಡೆಗೆ ರಟ್ಟಿನ ಬೋರ್ಡು ಬರೆಸಿದಳು: "ದಯವಿಟ್ಟು ನಾಯಿಗೆ ಏನೂ ಹಾಕಬೇಡಿರಿ." ಹೊಸ ಗಿರಾಕಿಗಳು ಬೋರ್ಡಿನ ಫೋಟೋ ಹೊಡೆದುಕೊಂಡು ನಕ್ಕರು. ಹಳೆಯ ಗಿರಾಕಿಗಳಿಗೆ ಅದು ಕಾಣಲೇ ಇಲ್ಲ.

ಹಳಬರಲ್ಲಿ ಹಳಬ ಮುದಕಪ್ಪ, ಎಪಿಎಂಸಿಯಲ್ಲಿ ಹಮಾಲಿ ಮಾಡಿ ಈಗ ಮನೆಯಲ್ಲಿರುವ ಮನುಷ್ಯ. ದಿನಾ ಮಧ್ಯಾಹ್ನ ಅದೇ ಮೂಲೆಯ ಮೇಜು, ಅದೇ ಒಂದು ಪ್ಲೇಟು, ಕೊನೆಯ ಕಾಲಿನ ಎಲುಬು ಪೈಲ್ವಾನನಿಗೆ. ಮಾಂಸವನ್ನೂ ಅರ್ಧ ಉಳಿಸಿಯೇ ಕೊಡುತ್ತಿದ್ದ. ಕರಿಯವ್ವ ಕೈ ಮುಗಿದು ಬೇಡಿದಳು.

"ಯಜ್ಜಾ, ಇನ್ನ ಹಾಕಬ್ಯಾಡ. ಇಂವಾ ಸಾಯತಾನ."

"ಏ ಹುಚ್ಚಿ, ನಾಯಿ ಎಲಬ ತಿಂದ ಸತ್ತದ್ದು ನಾ ಎಲ್ಲೂ ಕೇಳಿಲ್ಲ. ನನ್ನ ಮಕ್ಳು ಮಾತಾಡ್ಸೂದ ಬಿಟ್ಟಾರ, ಇಂವಾ ಒಬ್ಬಂವಾ ನನ್ನ ಬಾಜೂಕ ಕುಂಡ್ರತಾನ. ಇಂವಗ ಹಾಕಬ್ಯಾಡ ಅಂದ್ರ ನಾ ಉಣ್ಣೂದ ಹ್ಯಾಂಗ?"

ಅವಳು ಏನು ಹೇಳಬೇಕು? ಮುದುಕನನ್ನು ಬೈಯುವಂತಿರಲಿಲ್ಲ. ಮತ್ತೆ ಆ ಎಲುಬಿಗೆ ಮಸಾಲೆ ಹಚ್ಚಿ ಬೇಯಿಸಿದವಳು ಯಾರು? ದಿನಾ ನಸುಕಿನಲ್ಲಿ ಎದ್ದು ಬುಟ್ಟಿಗಟ್ಟಲೆ ಉಳ್ಳಾಗಡ್ಡಿ ಹೆಚ್ಚುವವಳು, ಬಳ್ಳೊಳ್ಳಿ ಅರೆಯುವವಳು, ಎಣ್ಣೆ ತೇಲುವ ಹಾಗೆ ಸೇರವ ಕುದಿಸುವವಳು ಅವಳೇ. ಡಾಕ್ಟರು ಬೇಡವೆಂದ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ರುಚಿ ನೋಡುವುದೇ ಅವಳ ಕೆಲಸ. ಅದನ್ನು ಬಿಟ್ಟು ಬೇರೆ ಕೆಲಸ ಅವಳಿಗೆ ಬರುವುದಿಲ್ಲ.

ಕಡೆಗೆ ಕಟ್ಟಿಹಾಕಿದಳು. ಹುಟ್ಟಿದಾಗಿನಿಂದ ಹಗ್ಗ ಕಾಣದ ನಾಯಿ. ಖೋಲಿಯ ಕಿಟಕಿ ಸರಳಿಗೆ ಕಟ್ಟಿ ನೀರಿಟ್ಟು ಕೆಲಸಕ್ಕೆ ಹೋದರೆ, ಅವನು ಊಳಿಡುವ ಸದ್ದು ಗೋಡೆಯಾಚೆ ಅಡುಗೆಮನೆಗೆ ಕೇಳುತ್ತಿತ್ತು. ಮಿಕ್ಸರ್ ತಿರುಗುವಾಗ ಮಾತ್ರ ಕೇಳಿಸುವುದಿಲ್ಲವೆಂದು ಅವಳು ಬೇಕಿಲ್ಲದಿದ್ದರೂ ಮಸಾಲೆ ತಿರುಗಿಸುತ್ತಿದ್ದಳು. ಪಕ್ಕದ ಅಮೀನಬಿಯ ಸೊಸೆ ಬಾಣಂತಿ. ಅಮೀನಬಿ ಎರಡು ದಿನ ತಡೆದು ಮೂರನೆಯ ದಿನ ಬಂದಳು.

"ಕರಿಯವ್ವಾ, ತಪ್ಪ ತಿಳ್ಕೋಬ್ಯಾಡ. ಕೂಸು ಕಣ್ಣ ಮುಚ್ಚವಲ್ದು. ಬಿಚ್ಚಿಬಿಡು, ನಾವಂತೂ ಏನೂ ಹಾಕಂಗಿಲ್ಲ."

"ನೀ ಹಾಕಂಗಿಲ್ಲಬೇ. ಊರ ತುಂಬ ಯಾರನ್ನ ಕಾಯಲಿ ನಾನು?"

ಅಂದರೂ ಬಿಚ್ಚಿದಳು. ಬಿಚ್ಚಿದ ನಾಲ್ಕನೆಯ ದಿನ ರವಿವಾರ. ಖಾನಾವಳಿಗೆ ಗಿರಾಕಿ ಕಿಕ್ಕಿರಿದ ದಿನ. ಒಲೆ ಬಿಟ್ಟು ಆಚೆ ಈಚೆ ನೋಡಲು ಪುರಸೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ನೀರು ಚೆಲ್ಲಲು ಹಿಂದಿನ ಬಯಲಿಗೆ ಬಂದಾಗ ಎಂಜಲಿನ ಟಬ್ಬು ಮಗುಚಿ ಬಿದ್ದಿತ್ತು. ಪೈಲ್ವಾನ ಅದರ ಮುಂದೆ ನಿಂತಿದ್ದ, ಮೂತಿಯೆಲ್ಲ ಕೆಂಪು. ಅವಳನ್ನು ಕಂಡು ಬಾಲ ಅಲ್ಲಾಡಿಸಿದ. ತಿಂಗಳಾದ ಮೇಲೆ ಅವನ ಕಣ್ಣಲ್ಲಿ ಆ ಹೊಳಪು ಬಂದಿತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ. ಕೊಡ ಅಲ್ಲೇ ಬಿಟ್ಟು ಕುಕ್ಕರಿಸಿ ಅವನ ಬಾಯಿ ಬಿಡಿಸಿ ಬೆರಳು ಹಾಕಿ ತಡಕಾಡಿದಳು. ಎಲ್ಲ ಹೊಟ್ಟೆಗೆ ಹೋಗಿತ್ತು.

ಈ ಸಲ ಐದು ದಿನ ಸಲೈನು ಬೇಕಾಯಿತು. ಎಕ್ಸರೇ ಫೋಟೋ ತೆಗೆದಾಗ ಕರುಳಿನಲ್ಲಿ ಎಲುಬಿನ ಚೂರುಗಳು ಬೆಳ್ಳಗೆ ಕಂಡವು. ಹೊಟ್ಟೆ ಕೊಯ್ದು ತೆಗೆಯಬೇಕಾದರೆ ಧಾರವಾಡಕ್ಕೆ ಒಯ್ಯಬೇಕು, ರಕ್ತ ಇಷ್ಟು ಕಡಿಮೆ ಇದ್ದಾಗ ಅರಿವಳಿಕೆ ಕೊಟ್ಟರೆ ಏಳುವ ಭರವಸೆ ಇಲ್ಲ ಎಂದರು ಡಾಕ್ಟರು. ಕಾಯಬೇಕು, ಅಷ್ಟೆ. ಕರಿಯವ್ವ ದವಾಖಾನೆಯ ಬೇವಿನ ಕಟ್ಟೆಯ ಮೇಲೆ ಕಾದಳು. ತುಕಾರಾಮಸಾ ಅವರ ಹೆಂಡತಿ ಆ ಐದು ದಿನ ಒಲೆ ಹಿಡಿದರು. ಚೂರುಗಳು ತಾವಾಗಿಯೇ ಹೊರಬಿದ್ದವು, ರಕ್ತದ ಜೊತೆ. ಪೈಲ್ವಾನ ಉಳಿದ. ಆದರೆ ಎತ್ತಿದರೆ ಚೀಲದಷ್ಟು ಹಗುರಾಗಿದ್ದ.

ಆರನೆಯ ದಿನ ಪ್ರಿಯಾಂಕಾ ಡಾಕ್ಟರು ಅವಳನ್ನು ಒಳಗೆ ಕರೆದು ಕೂರಿಸಿದರು.

"ಅವ್ವಾರ, ಇನ್ನೊಮ್ಮಿ ಹಿಂಗಾದ್ರ ನನ್ನ ಕೈಯಾಗ ಏನೂ ಇಲ್ಲ."

"ಗೊತ್ತೈತ್ರಿ."

"ಒಂದ ಮಾತು ಹೇಳತೇನಿ, ವಿಚಾರ ಮಾಡ್ರಿ. ಲಕ್ಕುಂಡಿಯೊಳಗ ರಾಮಚಂದ್ರ ಅಂತ, ಗುಡಿ ಪೂಜಾ ಮಾಡೋ ಮನಿತನ. ಅವರ ನಾಯಿ ಮುಪ್ಪಾಗಿ ದೀಪಾವಳಿಗೆ ತೀರ್ಕೊಂತು. ಮಗಳು ಇನ್ನೊಂದ ನಾಯಿ ಬೇಕು ಅಂತಾಳ. ದೊಡ್ಡ ಅಂಗಳ, ಸುತ್ತ ಗ್ವಾಡಿ ಐತಿ. ಆ ಮನಿ ಒಳಗ ಎಲಬ ಹೊಕ್ಕೂದ ಇಲ್ಲ, ಉಳ್ಳಾಗಡ್ಡಿ ಸೈತ ಇಲ್ಲ."

ಕರಿಯವ್ವ ಮೇಜಿನ ಮೇಲಿನ ಹತ್ತಿಯ ಸುರುಳಿಯನ್ನು ನೋಡುತ್ತ ಕೂತಿದ್ದಳು. ಆಮೇಲೆ, "ಕೋಳಿ?" ಎಂದಳು.

"ಅವರು ಮಾಡಂಗಿಲ್ಲ. ಅನ್ನ, ಮೊಸರು, ಬೇಳಿ, ನಾಯಿಗಂತ ಮಾಡಿದ ಸಿದ್ಧ ಆಹಾರ ಕೊಡತಾರ. ನಾ ಹೇಳಿಕೊಡತೇನಿ. ಜೀವಕ್ಕ ಸಾಕಾಗತೈತಿ."

"ನಾ ಸೋಮವಾರಕ್ಕೊಮ್ಮಿ ಒಯ್ದು ಹಾಕಲೇನ್ರಿ? ಸಪ್ಪಂದು. ನೀವು ಹೇಳಿದಂಗ ಮಾಡಿ." ಸೋಮವಾರ ಖಾನಾವಳಿಗೆ ಸೂಟಿ.

"ಕೇಳಿ ನೋಡತೇನಿ" ಎಂದರು ಡಾಕ್ಟರು.

ಮೌನೇಶನ ಆಟೋದಲ್ಲಿ ಲಕ್ಕುಂಡಿಗೆ ಹೋದ ದಿನ ಪೈಲ್ವಾನ ಅವಳ ತೊಡೆಯ ಮೇಲೆ ತಲೆಯಿಟ್ಟು ಗಾಳಿಗೆ ಕಣ್ಣು ಮುಚ್ಚಿಕೊಂಡಿದ್ದ. ಮನೆಯ ಯಜಮಾನಿ ಪದ್ಮಾಬಾಯಿ ಬಾಗಿಲಿಗೆ ಬಂದು, ನಾಯಿಗಿಂತ ಮೊದಲು ಕರಿಯವ್ವನನ್ನೇ ನೋಡಿದರು.

"ಬರ್ರಿ, ನೆಳ್ಳಾಗ ಕೂಡ್ರಿ. ಬಿಸಲು ಭಾಳ ಅದ. ಚಹಾ ತೊಗೊಳ್ರಿ."

ಅವರ ಮಗಳು ಹರ್ಷಾ ಗದಗಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವವಳು. ಅವಳು ಆಗಲೇ ನಾಯಿಯ ಮುಂದೆ ಕೂತು ಮಡಚಿದ ಕಿವಿ ಸವರುತ್ತಿದ್ದಳು. ರಾಮಚಂದ್ರ ಒಳಗಿನಿಂದ ಬಂದು, ಸೋಮವಾರ ಬರುವುದಕ್ಕೆ ಅಡ್ಡಿಯಿಲ್ಲ, ಆದರೆ ದನ ಕಟ್ಟುವ ಹಕ್ಕೆಯ ಆಚೆ ಬೇವಿನ ಗಿಡದ ಬುಡದಲ್ಲಿ ಹಾಕಬೇಕು, ತಟ್ಟೆ ಅವಳೇ ತಂದು ಅವಳೇ ಒಯ್ಯಬೇಕು ಎಂದರು. ಹೇಳುವಾಗ ಅವರಿಗೇ ಸಂಕೋಚವಾಗಿತ್ತು. ಕರಿಯವ್ವ, "ಅಷ್ಟ ಮಾಡಿಕೊಟ್ರ ನಿಮ್ಮ ಪುಣ್ಯ ಬರತೈತ್ರಿ" ಎಂದು ಕೈ ಮುಗಿದಳು. ಆಟೋ ಹೊರಟಾಗ ಹಿಂದೆ ತಿರುಗಿ ನೋಡಬೇಡ ಎಂದ ಮೌನೇಶ. ಅವಳು ನೋಡಲಿಲ್ಲ. ಆದರೆ ಕೇಳಿಸಿತು.

ಅಂದಿನಿಂದ ಪ್ರತಿ ಸೋಮವಾರ ಅವಳದೊಂದು ವ್ರತವಾಯಿತು. ಕೈಗೆ ಹುಣಸೆಹಣ್ಣು, ಬೂದಿ, ಸಬಕಾರ ಮೂರನ್ನೂ ಹಚ್ಚಿ ಮಸಾಲೆಯ ವಾಸನೆ ಹೋಗುವ ತನಕ ತಿಕ್ಕುವಳು. ಅಡುಗೆಮನೆಗೆ ಒಯ್ಯದ ಸೀರೆ ಉಡುವಳು. ಕೋಳಿ ಬೇಯಿಸಿ, ಬಿಡಿಸಿ, ಡಬ್ಬಿಗೆ ಹಾಕಿ, ಬಟ್ಟೆ ಸುತ್ತಿ ಎದೆಗೆ ಒತ್ತಿಕೊಂಡು ಗದಗಿನಿಂದ ಬಸ್ಸು ಹತ್ತುವಳು. ಪೈಲ್ವಾನ ಅವಳ ಹೆಜ್ಜೆಯನ್ನು ರಸ್ತೆಯಿಂದಲೇ ಗುರುತಿಸಿ ಬೊಗಳುತ್ತಿದ್ದ. ಬೇವಿನ ಬುಡದಲ್ಲಿ ಕೂತು ಅಂಗೈಯಿಂದಲೇ ತಿನ್ನಿಸುವಳು. ಅದೇ ಸಪ್ಪೆ ಕೋಳಿ. ಈಗ ಅವನು ಒಂದು ಎಳೆಯನ್ನೂ ಬಿಡುತ್ತಿರಲಿಲ್ಲ. ತಿಂದಾದ ಮೇಲೆ ಅವಳ ಬೆರಳ ಸಂದಿಗಳನ್ನು ನೆಕ್ಕುತ್ತಿದ್ದ. ಎಷ್ಟು ತಿಕ್ಕಿದರೂ ಉಗುರಿನ ಮೂಲೆಯಲ್ಲಿ ಒಂದಿಷ್ಟು ಮಸಾಲೆ ಅವನಿಗೆ ಸಿಗುತ್ತಿತ್ತೆಂದು ಕಾಣುತ್ತದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದುಕೊಳ್ಳುವಳು, ಎಳೆದುಕೊಳ್ಳುತ್ತಿರಲಿಲ್ಲ. ಪದ್ಮಾಬಾಯಿ ದೂರದಿಂದ ಮುಖ ಆಚೆ ಮಾಡಿಕೊಂಡೇ ಊರ ಸುದ್ದಿ ಕೇಳುತ್ತಿದ್ದರು. ನಾಯಿಯ ಮೈ ತುಂಬುತ್ತಿತ್ತು.

ಏಳನೆಯ ಸೋಮವಾರ ಚಹಾದ ಲೋಟ ಕೊಡುವಾಗ ಪದ್ಮಾಬಾಯಿ ಸೆರಗಿನ ತುದಿ ಹೊಸೆಯುತ್ತ ನಿಂತರು.

"ಕರಿಯವ್ವಾ, ಒಂದು ಮಾತು ಹ್ಯಾಂಗ ಹೇಳಬೇಕೋ ತಿಳಿವಲ್ದು."

"ಹೇಳ್ರಿ ಅವ್ವಾರ. ಏನರ ತಪ್ಪಾತೇನ್ರಿ?"

"ತಪ್ಪು ನಿಮ್ಮದೇನೂ ಇಲ್ಲ. ನೀವು ಬಂದು ಹೋದ ಮ್ಯಾಲೆ ಇವ ಎರಡೆರಡು ದಿನ ಊಟಾ ಮುಟ್ಟೂದಿಲ್ಲ. ಗೇಟಿನ ಮುಂದ ರಸ್ತಾ ನೋಡ್ಕೋತ ಕೂತಿರತಾನ. ಬುಧವಾರದ ಹೊತ್ತಿಗೆ ಸುಧಾರಸ್ತಾನ, ಅಷ್ಟರಾಗ ಮತ್ತ ಸೋಮವಾರ ಬರ್ತದ. ಹೋದ ವಾರ ವಾಂತೀನೂ ಮಾಡ್ಕೊಂಡ. ಹರ್ಷಾ ಡಾಕ್ಟರಿಗೆ ಕೇಳಿದ್ಳು. ಅವರೂ ಹೇಳ್ಲಿಕ್ಕೆ ಹಿಂದ ಮುಂದ ನೋಡಿದ್ರಂತ."

ಕರಿಯವ್ವನಿಗೆ ಮೊದಲು ಅರ್ಥವಾಗಲಿಲ್ಲ. "ಕೋಳಿ ಸರಿ ಬೆಂದಿಲ್ಲೇನ್ರಿ? ನಾ ಒಂದೊಂದ ಎಳಿ ಬಿಡಿಸಿ ನೋಡತೇನ್ರಿ. ಉಪ್ಪಿನ ಹರಳ ಸೈತ ಬಿದ್ದಿಲ್ಲ."

"ಕೋಳಿದಲ್ಲ" ಎಂದರು ಪದ್ಮಾಬಾಯಿ. ಅವರ ಕಣ್ಣೂ ತುಂಬಿತ್ತು. "ನಿಮ್ಮ ನೆನಪಿಂದು."

ಪೈಲ್ವಾನ ಅವಳ ಪಾದದ ಮೇಲೆ ಗದ್ದ ಊರಿ ಮಲಗಿದ್ದ. ಅವಳು ಡಬ್ಬಿ ಮುಚ್ಚಿದಳು. ತಟ್ಟೆಯನ್ನು ತಾನೇ ತೊಳೆದಳು. ಹರ್ಷಾ ನಾಯಿಯನ್ನು ಹಿತ್ತಲಿಗೆ ಕರೆದೊಯ್ದಳು. ಅವನು ಹೋಗಲೊಲ್ಲದೆ ನಾಲ್ಕೂ ಕಾಲು ನೆಲಕ್ಕೆ ಊರಿದ. ಕರಿಯವ್ವ ಗೇಟು ದಾಟಿದಳು. ಬಸ್ಸು ಬರುವ ತನಕ ಹಾಳು ಬಿಸಿಲಿನಲ್ಲಿ ನಿಂತಳು. ಗದಗ ಮುಟ್ಟುವ ತನಕ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದಳು. ಪದ್ಮಾಬಾಯಿ ಮೇಲೆ ಆಗಲಿಲ್ಲ, ಡಾಕ್ಟರ ಮೇಲೆ ಆಗಲಿಲ್ಲ, ಮುದಕಪ್ಪನ ಮೇಲೆ ಕೂಡ ಆಗಲಿಲ್ಲ.

ಮುಂದಿನ ಸೋಮವಾರ ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಸೋಮವಾರದ ಬೆಳಗು ಕಳೆಯುವುದು ಕಷ್ಟವಾಗಿ ಲಕ್ಷ್ಮೇಶ್ವರಕ್ಕೆ ಮಗಳ ಮನೆಗೆ ಹೋದಳು. ನೇತ್ರಾ, "ನಾಯಿಗೆ ಇಷ್ಟ ಅಳತಿ, ನಮ್ಮಪ್ಪ ಸತ್ತಾಗ ಇಷ್ಟ ಅತ್ತಿದ್ದಿಲ್ಲ ನೀ" ಎಂದಳು. ಅದೂ ನಿಜವೇ. ಆಗ ಅಳಲು ಪುರಸೊತ್ತು ಇರಲಿಲ್ಲ.

ಹರ್ಷಾ ಆಗೀಗ ಮೌನೇಶನ ಫೋನಿಗೆ ವಿಡಿಯೋ ಕಳಿಸುತ್ತಾಳೆ. ಪೈಲ್ವಾನ ಮೊಸರನ್ನ ಉಣ್ಣುವುದು, ಕರುವಿನ ಹಿಂದೆ ಓಡುವುದು, ಬಾವಿಕಟ್ಟೆಯ ಮೇಲೆ ಮಲಗುವುದು. ಅಲ್ಲಿ ಅವನಿಗೆ ಬೇರೆ ಹೆಸರು ಬಿದ್ದಿದೆ. ಹರ್ಷಾ ಕರೆದರೆ ಬಾಲ ಅಲ್ಲಾಡಿಸುತ್ತ ಬರುತ್ತಾನೆ. ಮೌನೇಶ ಫೋನು ಹಿಡಿದು ತೋರಿಸುವಾಗ ಕರಿಯವ್ವ ಹಿಟ್ಟಿನ ಕೈ ಹಿಂದಿಟ್ಟುಕೊಂಡು ನೋಡುತ್ತಾಳೆ. "ದಪ್ಪ ಆಗ್ಯಾನ ನೋಡು" ಎಂದು ಮೌನೇಶ ಅಂದರೆ, "ಹೂಂ, ಚೊಲೊ ಆತು" ಅನ್ನುತ್ತಾಳೆ. ಚೊಲೊ ಆದದ್ದು ಖರೆ. ಒಲೆಯ ಮೇಲೆ ಸೇರವ ಕುದಿಯುತ್ತಿರುತ್ತದೆ, ಒಳಗೆ ಗಿರಾಕಿ ಕೂಗುತ್ತಿರುತ್ತಾನೆ, ಅವಳು ಹೋಗುತ್ತಾಳೆ.

ಶ್ರಾವಣ ಮುಗಿದ ಮೇಲೆ ಬಂದ ಹುಣ್ಣಿಮೆಗೆ ಓಣಿಯ ಹೆಂಗಸರ ಜೊತೆ ದೇವಿಯ ದರ್ಶನಕ್ಕೆ ಹುಲಿಗಿಗೆ ಹೊರಟಳು. ಕೊಪ್ಪಳದ ಕಡೆಯ ಬಸ್ಸು ಲಕ್ಕುಂಡಿಯ ಮೇಲೆಯೇ ಹೋಗಬೇಕು. ಹತ್ತುವಾಗ ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಊರು ಕಾಣದ ಕಡೆಯ ಕಿಟಕಿಗೆ ಕೂತಳು. ಲಕ್ಕುಂಡಿ ಬಂದಾಗ ಬಸ್ಸು ನಿಂತಿತು. ನಾಲ್ಕು ಜನ ಇಳಿದರು, ಹುಲ್ಲಿನ ಹೊರೆಯ ಹೆಂಗಸೊಬ್ಬಳು ಹತ್ತಲು ತಡಮಾಡಿದಳು. ಎಲ್ಲೋ ಒಂದು ನಾಯಿ ಬೊಗಳಿತು. ಅವನದೇ ಅಂತ ಹೇಳಲು ಬರುವಂತಿರಲಿಲ್ಲ, ಊರ ತುಂಬ ನಾಯಿಗಳು. ಪಕ್ಕದಲ್ಲಿ ಕೂತ ಓಣಿಯ ಅಮ್ಮಣ್ಣಿ ಕೇಳಿದಳು.

"ಇದ ಊರಲ್ಲನ ನಿನ್ನ ಪೈಲ್ವಾನ ಇರೂದು? ಇಳದ ನೋಡಿ ಬರತೀಯೇನ, ಹಿಂದಿನ ಬಸ್ಸಿಗೆ ಬರೂವಂತಿ."

"ಬ್ಯಾಡವಾ" ಎಂದಳು ಕರಿಯವ್ವ. "ಇವತ್ತು ಅಂವಾ ಉಂಡಿರತಾನ. ನಾಳೀನೂ ಉಣ್ಣಲಿ."

ಕಂಡಕ್ಟರ್ ಸೀಟಿ ಊದಿದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈಗಳನ್ನು ಅದರೊಳಗೆ ಸೇರಿಸಿಕೊಂಡು ಕೂತಳು.